ಕೇಪಿನ ಕೋವಿ ಕೈಗೆ ಬಂದ ಮೇಲೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದ ಮನೆಗಳಲ್ಲಿ ಕೇಪಿನ ಕೋವಿ ಇನ್ನೂ ಇದೆ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜ ಎಂಬ ಉದ್ದ ಕೋಲಿನಿಂದ ಜಡಿದು, ಹಿಂದೆ ನಿಪ್ಪಲ್ ಎಂಬ ತೂತಿನ ಮೊಳೆಯ ಮೇಲೆ ಕೇಪು (ಪೆಟ್ಟಿಗೆ ಕಿಡಿ ಕೊಡುವ ಪುಟ್ಟ ತಾಮ್ರದ ಟೋಪಿ) ಕೂರಿಸಿ ಹೊಡೆಯುವ ಕೋವಿ. ಅಜ್ಜನದು ಅಪ್ಪನಿಗೆ, ಅಪ್ಪನದು ಮಗನಿಗೆ ಬರುತ್ತದೆ. ಬಳಸುವ ಕ್ರಮ ಮಾತ್ರ ಯಾರೂ ಬರೆದಿಟ್ಟು ಹೋಗಿರುವುದಿಲ್ಲ. ಊರಿಗೆ ವಾಪಸು ಬಂದು ತೋಟ ವಹಿಸಿಕೊಂಡವರು ಯೂಟ್ಯೂಬ್ ನೋಡಿ ಕಲಿಯಲು ಹೊರಟರೆ ಅರ್ಧ ಮಾತ್ರ ಸಿಗುತ್ತದೆ. ಅಲ್ಲಿನವರಿಗೆ ನಮ್ಮ ಮಳೆಗಾಲ ಗೊತ್ತಿಲ್ಲ.

ಮೊದಲು ಕಾಗದಪತ್ರ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲಿ, ಬಾಯಿಂದ ಮದ್ದು ತುಂಬುವ ಕೋವಿಗೆ ಬೆಳೆ ರಕ್ಷಣೆಯ ಸಲುವಾಗಿ ಲೈಸನ್ಸ್ ಕೊಡುವ ಅವಕಾಶವಿದೆ. ಕೊಡಗಿನವರಿಗೆ ಲೈಸನ್ಸಿನಿಂದ ಇರುವ ವಿನಾಯಿತಿ ನಮ್ಮ ಉತ್ತರ ಕನ್ನಡ ಜಿಲ್ಲೆಗಿಲ್ಲ. ಲೈಸನ್ಸ್ ಇದ್ದ ಹಿರಿಯರು ತೀರಿಕೊಂಡರೆ ಕೋವಿ ಗೋಡೆಯ ಮೇಲೇ ಇರುವಂತಿಲ್ಲ. ಪೊಲೀಸ್ ಠಾಣೆಗೋ ಲೈಸನ್ಸ್ ಇರುವ ಕೋವಿ ಅಂಗಡಿಗೋ ಜಮಾ ಮಾಡಿ, ವಾರಸುದಾರರ ಹೆಸರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯ ನಂತರ ಲೈಸನ್ಸಿನ ಅವಧಿ 5 ವರ್ಷ. ಇನ್ನೊಂದು ಮಾತು: ಇದು ಬೇಟೆಯ ಲೈಸನ್ಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತೋಟದೊಳಗೂ ಅನ್ವಯಿಸುತ್ತದೆ. ಮಂಗ, ಮುಸ್ಯ, ಹಂದಿಯನ್ನು ಸದ್ದು ಮಾಡಿ ಓಡಿಸುವುದೇ ಈ ಕೋವಿಯ ನಿತ್ಯದ ಕೆಲಸ. ಅದಕ್ಕೆ ಚರೆ (ಸೀಸದ ಸಣ್ಣ ಕಾಳು) ಬೇಡ, ಮದ್ದು ಮತ್ತು ಮೇಲೊಂದು ಒತ್ತು (ಮದ್ದನ್ನು ಒತ್ತಿ ಹಿಡಿಯುವ ರಟ್ಟು ಅಥವಾ ಫೆಲ್ಟಿನ ತುಂಡು) ಸಾಕು. ಹಂದಿ ಬರುವ ದಾರಿಗೆ ತುಂಬಿದ ಕೋವಿ ಕಟ್ಟಿ, ಟ್ರಿಗರ್‌ಗೆ ದಾರ ಎಳೆದು ಬರುವ ಹಳೆ ಪದ್ಧತಿ ಅಪರಾಧ. ಬೆಳಗಿನ ಜಾವ ಆ ದಾರಿಯಲ್ಲಿ ಬರುವುದು ಸೊಪ್ಪಿಗೆ ಹೊರಟ ಪಕ್ಕದ ಮನೆಯವರೂ ಆಗಿರಬಹುದು.

ಹಳೆ ಕೋವಿ ಕೈಗೆ ಬಂದರೆ ಅದು ತುಂಬಿದೆ ಎಂದೇ ತಿಳಿಯಬೇಕು. ಯಾರೋ ತುಂಬಿಟ್ಟು ಮರೆತ ಈಡು, ಅಂದರೆ ಒಂದು ಸಲಕ್ಕೆ ಜಡಿದ ಮದ್ದು, ಒತ್ತು, ಚರೆ, ಹತ್ತಾರು ವರ್ಷದ ನಂತರವೂ ಹಾರಬಲ್ಲದು. ತೇವ ತಗಲದ ಕರಿಮದ್ದಿಗೆ ಮುಪ್ಪಿಲ್ಲ. ಕೇಪು ಕಾಣುತ್ತಿಲ್ಲವೆಂದರೆ ಖಾಲಿ ಎಂದು ಅರ್ಥವಲ್ಲ. ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ, ನಿಪ್ಪಲ್ ಬರಿದಾಗಿದೆಯೇ ನೋಡಿ. ಗಜವನ್ನು ನಳಿಗೆಯೊಳಗೆ ತಳ ಮುಟ್ಟುವವರೆಗೆ ಇಳಿಸಿ. ನಳಿಗೆಯ ಬಾಯಿಯ ಅಂಚಿಗೆ ಗಜವನ್ನು ಎರಡು ಬೆರಳಲ್ಲಿ ಹಿಡಿದು, ಬೆರಳು ಸರಿಸದೆ ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಒರಗಿಸಿ ಅಳೆಯಿರಿ. ಗಜದ ತುದಿ ನಿಪ್ಪಲ್ ಇರುವ ಜಾಗದವರೆಗೆ ಬಂದರೆ ಖಾಲಿ. ಮೂರ್ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಈಡಿರಬಹುದು, ಕಣಜದ ಮಣ್ಣುಗೂಡಿರಬಹುದು. ಯಾವುದೇ ಇರಲಿ, ಹೊಡೆದು ಖಾಲಿ ಮಾಡಲು ಹೋಗಬೇಡಿ. ಬಾಯಿಂದ ನೀರು ತುಂಬಿ ರಾತ್ರಿಯಿಡೀ ಬಿಡಿ. ಮದ್ದಿನ ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್) ನೀರಲ್ಲಿ ಕರಗಿ ಈಡು ಸತ್ತುಹೋಗುತ್ತದೆ. ಆಮೇಲೆ ಗಜದ ತುದಿಗೆ ಸ್ಕ್ರೂ ಮೊನೆ ತಿರುಗಿಸಿ ಒಂದೊಂದಾಗಿ ಹೊರಗೆಳೆಯಬೇಕು. ಕೈ ನಡುಗುತ್ತದೆ ಎನಿಸಿದರೆ ಕೋವಿ ರಿಪೇರಿಯವರಲ್ಲಿ ಒಯ್ಯಿರಿ.

ಖಾಲಿ ಎಂದು ಖಚಿತವಾದ ಮೇಲೆ ಆ ಗಜಕ್ಕೆ ಬಾಯಿಯ ಅಂಚಿನಲ್ಲಿ ಚಾಕುವಿನಿಂದ ಒಂದು ಗೆರೆ ಕೊರೆಯಿರಿ. ಮುಂದೆ ನಿಮ್ಮ ಮಾಮೂಲಿ ಈಡು ತುಂಬಿ ಚೆನ್ನಾಗಿ ಜಡಿದಾಗ ಇನ್ನೊಂದು ಗೆರೆ. ಕೆಳಗಿನ ಗೆರೆ ಬಾಯಿಯ ಅಂಚಿಗೆ ಬಂದರೆ ಸರಿಯಾದ ಈಡು, ಮೇಲಿನದು ಬಂದರೆ ಖಾಲಿ. ಕೆಳಗಿನ ಗೆರೆ ಅಂಚಿಗಿಂತ ಮೇಲೆಯೇ ಉಳಿದರೆ ಎರಡು ಈಡು ಬಿದ್ದಿದೆ ಅಥವಾ ಈಡು ತಳಕ್ಕೆ ಹೋಗಿ ಕೂತಿಲ್ಲ. ಎರಡೂ ನಳಿಗೆ ಸೀಳುವ ವಿಷಯ. ಮದ್ದಿಗೂ ಅದರ ಮೇಲಿನ ಒತ್ತಿಗೂ ನಡುವೆ ಖಾಲಿ ಜಾಗ ಉಳಿದರೆ, ರಭಸದಿಂದ ಬಂದ ಅನಿಲ ಈಡಿನ ಬುಡಕ್ಕೆ ಬಡಿದು ಆ ಜಾಗದಲ್ಲೇ ನಳಿಗೆಯನ್ನು ಉಬ್ಬಿಸುತ್ತದೆ. ಹಾಗೆ ಉಬ್ಬಿದ ಹಳೆ ನಳಿಗೆಗಳು ಬೇಕಾದಷ್ಟಿವೆ. ಪತ್ತೆ ಮಾಡುವುದು ಸುಲಭ: ಎಣ್ಣೆ ಬಟ್ಟೆಯನ್ನು ಬಿಗಿಯಾಗಿ ಗಜಕ್ಕೆ ಸುತ್ತಿ ನಿಧಾನ ಇಳಿಸಿದರೆ ಉಬ್ಬಿದಲ್ಲಿ ಒಮ್ಮೆಲೇ ಸಡಿಲವಾಗಿ ಮತ್ತೆ ಬಿಗಿಯಾಗುತ್ತದೆ. ಅಂಥ ಕೋವಿ ಗೋಡೆಗೆ ಮಾತ್ರ, ಅದೂ ಲೈಸನ್ಸ್ ಇದ್ದರೆ. ಹಾಗೆಯೇ ಹ್ಯಾಮರ್ ಅರ್ಧಕ್ಕೆ ನಿಂತಿರುವಾಗ ಟ್ರಿಗರ್ ಎಳೆದರೆ ಬೀಳಬಾರದು. ಬಿದ್ದರೆ ಒಳಗಿನ ಕಚ್ಚು ಸವೆದಿದೆ. ಅದನ್ನು ಸರಿಮಾಡಿಸದೆ ಕೇಪು ಕೂರಿಸಬೇಡಿ.

ಈಗ ಮದ್ದು. ಈ ಕೋವಿಗೆ ಕರಿಮದ್ದು ಬಿಟ್ಟು ಬೇರೆ ಯಾವುದೂ ಆಗದು. ತೋಟಾ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದನ್ನು ಅದೇ ಅಳತೆಯಲ್ಲಿ ಹಾಕಿದರೆ ಒತ್ತಡ ಎಷ್ಟೋ ಪಟ್ಟು ಏರಿ ನಳಿಗೆಯ ಹಿಂಭಾಗ ಒಡೆಯುತ್ತದೆ. ಅಲ್ಲಿ ಇರುವುದು ಎಡಗೈ ಮತ್ತು ಮುಖ. ಗರ್ನಾಲಿನ ಮದ್ದು, ಕಲ್ಲುಕ್ವಾರಿಯ ಮದ್ದು ಇವೂ ಬೇಡ. ಲೈಸನ್ಸ್ ಇರುವ ಅಂಗಡಿಯಿಂದ ತಂದದ್ದನ್ನು ಅದರದೇ ಡಬ್ಬಿಯಲ್ಲಿ, ಕೇಪಿನಿಂದ ದೂರ, ಬೀಗದೊಳಗೆ ಇಡಿ. ಜುಲೈ ತಿಂಗಳ ಥಂಡಿಗೆ ಮದ್ದು ಗಂಟು ಕಟ್ಟಿತೆಂದು ಒಲೆಯ ಪಕ್ಕವೋ ಹಂಚಿನ ಮೇಲೋ ಒಣಗಿಸುವವರಿದ್ದಾರೆ. ಮನೆ ಸುಡುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ. ಒಣಗಿಸಿದರೂ ಪ್ರಯೋಜನವಿಲ್ಲ: ನೆನೆದ ಮದ್ದಿನಲ್ಲಿ ಪೆಟ್ಲುಪ್ಪು ಬೇರೆಯಾಗಿ ಹರಳುಗಟ್ಟುತ್ತದೆ, ಮತ್ತೆ ಇದ್ದಲು ಗಂಧಕದೊಂದಿಗೆ ಮೊದಲಿನಂತೆ ಬೆರೆಯುವುದಿಲ್ಲ. ಗಂಟಾದದ್ದನ್ನು ಬಕೆಟ್ ನೀರಿಗೆ ಸುರಿದು ಕೈತೊಳೆದುಕೊಳ್ಳಿ.

ಅಳತೆ. 12 ಬೋರ್ ಅಂದರೆ ನಳಿಗೆಯ ಒಳವ್ಯಾಸ ಸುಮಾರು 18.5 ಮಿ.ಮೀ. ಗಟ್ಟಿಮುಟ್ಟಾದ 12 ಬೋರ್ ನಳಿಗೆಗೆ ಶುರುವಿನಲ್ಲಿ 60 ಗ್ರೇನ್, ಅಂದರೆ 3.9 ಗ್ರಾಂ ಮದ್ದು ಸಾಕು. ಹಳಬರ ಪೂರ್ಣ ಈಡು 75ರಿಂದ 82 ಗ್ರೇನ್, ಸುಮಾರು 5 ಗ್ರಾಂ. ಅದಕ್ಕಿಂತ ಮೇಲೆ ಹೋದರೆ ಭುಜಕ್ಕೆ ಪೆಟ್ಟು ಹೆಚ್ಚುತ್ತದೆ, ಚರೆ ಚದುರುತ್ತದೆ, ಬೇರೆ ಲಾಭವಿಲ್ಲ. ಬೋರ್ ಸಣ್ಣದಿದ್ದರೆ ಮದ್ದೂ ಕಡಿಮೆ. ಊರಿನ ಕಮ್ಮಾರಸಾಲೆಯಲ್ಲಿ ಆದ, ಪ್ರೂಫ್ ಮುದ್ರೆ (ನಳಿಗೆಯ ಬಲ ಪರೀಕ್ಷಿಸಿ ಒತ್ತಿದ ಗುರುತು) ಇಲ್ಲದ ನಳಿಗೆಗೆ ಯಾವ ಅಳತೆಯನ್ನೂ ಹೇಳುವಂತಿಲ್ಲ. ಪ್ರತಿಸಲ ತೂಗಬೇಕಿಲ್ಲ. ಹಿತ್ತಾಳೆಯ ಸಣ್ಣ ಅಳತೆ ಬಟ್ಟಲು ಮಾಡಿಸಿ, ಅದರ ತುಂಬ ಎಷ್ಟು ಮದ್ದು ಹಿಡಿಯುತ್ತದೆಂದು ಒಮ್ಮೆ ಚಿನ್ನ ತೂಗುವಂಥ ಡಿಜಿಟಲ್ ತಕ್ಕಡಿಯಲ್ಲಿ ನೋಡಿಕೊಂಡರೆ ಆಯಿತು. ಚರೆಗೂ ಅದೇ ಬಟ್ಟಲು. ಮದ್ದು ಎಷ್ಟು ಜಾಗ ಹಿಡಿಯುತ್ತದೋ ಚರೆಯೂ ಅಷ್ಟೇ ಜಾಗ ಎಂಬುದು ನೂರಾರು ವರ್ಷದ ಲೆಕ್ಕ. 60 ಗ್ರೇನಿನ ಬಟ್ಟಲಿಗೆ ಚರೆ ಸುಮಾರು 25 ಗ್ರಾಂ ಬರುತ್ತದೆ. ಗುಂಡು ಹಾಕುವ ಯೋಚನೆಯೇ ತೋಟದಲ್ಲಿ ಬೇಡ. 6ನೇ ನಂಬರಿನ ಚರೆಯೇ 200 ಮೀಟರು ದಾಟುತ್ತದೆ, ಗುಂಡು ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು.

ತುಂಬುವ ಮೊದಲು ನಳಿಗೆಯ ಎಣ್ಣೆ ತೆಗೆಯಬೇಕು. ಈಡು ಹಾರದೆ ಇರುವುದಕ್ಕೆ ನಮ್ಮ ಕಡೆ ಮೊದಲ ಕಾರಣ ಇದೇ: ಹಿಂದಿನ ಸಲ ಸವರಿಟ್ಟ ಎಣ್ಣೆ ನಿಪ್ಪಲ್ ಬುಡದ ಸಣ್ಣ ದಾರಿಯಲ್ಲಿ ಇಳಿದು ನಿಂತಿರುತ್ತದೆ, ಕೇಪಿನ ಕಿಡಿ ಅಲ್ಲೇ ನಂದುತ್ತದೆ. ಒಣ ಹತ್ತಿಬಟ್ಟೆಯಿಂದ ನಳಿಗೆ ಒರೆಸಿ. ಖಾಲಿ ಕೋವಿಗೆ ಬರೀ ಕೇಪು ಕೂರಿಸಿ, ಬಾಯಿಯನ್ನು ನೆಲದ ಮೇಲಿನ ಒಂದು ಒಣ ಎಲೆಗೆ ಗೇಣು ದೂರ ಹಿಡಿದು ಹೊಡೆಯಿರಿ. ಎಲೆ ಪಟ್ಟನೆ ಹಾರಿದರೆ ದಾರಿ ಸರಾಗ. ಎಲೆ ಅಲುಗದಿದ್ದರೆ ನಿಪ್ಪಲಿಗೆ ಸೂಜಿ ಹಾಕಿ, ಮತ್ತೊಂದು ಕೇಪು. ಎರಡು ಕೇಪು ಖರ್ಚಾಗುತ್ತದೆಂದು ಜಿಪುಣತನ ಮಾಡಿದವರೇ ಆಮೇಲೆ ಹಾರದ ಈಡನ್ನು ಕೊರೆದು ತೆಗೆಯುತ್ತ ಕೂರುತ್ತಾರೆ. ಇಷ್ಟಾದ ಮೇಲೆ ಒಡೆದ ಕೇಪನ್ನು ತೆಗೆದು, ನಿಪ್ಪಲ್ ಬರಿದು ಮಾಡಿಕೊಂಡೇ ಮದ್ದಿಗೆ ಕೈ ಹಾಕಬೇಕು.

ಕೋವಿಯ ಹಿಡಿಯನ್ನು ನೆಲಕ್ಕೆ ಊರಿ, ಬಾಯಿ ಮೇಲಕ್ಕೆ ಮತ್ತು ಮುಖದಿಂದ ಆಚೆಗೆ. ಹ್ಯಾಮರ್ ಅರ್ಧಕ್ಕೆ. ಮದ್ದನ್ನು ಡಬ್ಬಿಯಿಂದಲೋ ಕೊಂಬಿನಿಂದಲೋ ನೇರ ನಳಿಗೆಗೆ ಸುರಿಯಲೇಬಾರದು. ಹಿಂದಿನ ಈಡಿನ ಕೆಂಡ ಒಳಗೆ ಉಳಿದಿದ್ದರೆ ಉರಿ ಡಬ್ಬಿಗೇ ಹತ್ತುತ್ತದೆ. ಬಟ್ಟಲಿಗೆ, ಬಟ್ಟಲಿಂದ ನಳಿಗೆಗೆ. ಹಾಗಾದರೆ ಅಕಸ್ಮಾತ್ ಹೊತ್ತಿಕೊಂಡರೂ ಒಂದು ಬಟ್ಟಲು ಮದ್ದು ಅಷ್ಟೇ. ನಳಿಗೆಗೆ ಅಂಗೈಯಲ್ಲಿ ಎರಡು ಬಾರಿ ತಟ್ಟಿದರೆ ಮದ್ದು ತಳಕ್ಕೆ ಇಳಿಯುತ್ತದೆ. ಅದರ ಮೇಲೆ ದಪ್ಪ ರಟ್ಟಿನ ಬಿಲ್ಲೆ, ಆಮೇಲೆ ಮೆದುವಾದ ಒತ್ತು. ಹಳೆಯ ಮದುವೆ ಕಾರ್ಡುಗಳಿಂದ 19 ಮಿ.ಮೀ. ಪಂಚ್‌ನಲ್ಲಿ ಬಿಲ್ಲೆ ಕತ್ತರಿಸಿಕೊಂಡರೆ ವರ್ಷಕ್ಕಾಗುವಷ್ಟು ಸಿಗುತ್ತದೆ. ಮದ್ದಿನ ಮೇಲಕ್ಕೆ ಎರಡು ಮೂರು ಬಿಲ್ಲೆ, ಚರೆಯ ಮೇಲಕ್ಕೆ ಒಂದೇ. ಮೆದು ಒತ್ತಿಗೆ ಉಣ್ಣೆಯ ಫೆಲ್ಟ್ ತುಂಡು ಒಳ್ಳೆಯದು. ಜೇನುಮೇಣ ಮತ್ತು ಕೊಬ್ಬರಿ ಎಣ್ಣೆಯನ್ನು ಸಮಸಮ ಕರಗಿಸಿ ಅದಕ್ಕೆ ಸವರಿದರೆ ನಳಿಗೆಯೊಳಗಿನ ಮಸಿ ಗಟ್ಟಿಯಾಗದೆ ಮೆತ್ತಗೆ ಉಳಿಯುತ್ತದೆ. ಮೇಣ ಕಡಿಮೆ ಹಾಕಿದರೆ ಏಪ್ರಿಲ್ ಬಿಸಿಲಿಗೆ ಎಣ್ಣೆ ಇಳಿದು ಮದ್ದು ಸೇರುತ್ತದೆ. ಕೆಳಗಿನ ರಟ್ಟು ಇರುವುದು ಅದನ್ನು ತಡೆಯಲಿಕ್ಕೇ.

ಜಡಿಯುವಾಗ ಗಜವನ್ನು ಹೆಬ್ಬೆರಳು ಮತ್ತು ಎರಡು ಬೆರಳಲ್ಲಿ ಹಿಡಿದು, ಗೇಣು ಗೇಣು ಒತ್ತುತ್ತ ಇಳಿಸಿ. ಅಂಗೈಯನ್ನು ಗಜದ ತುದಿಗೆ ಇಟ್ಟು ಬಲ ಬಿಡಬಾರದು. ಮರದ ಗಜ ಮುರಿದರೆ ಚೂಪು ತುದಿ ನೇರ ಅಂಗೈಗೆ ಹೋಗುತ್ತದೆ. ತಳ ಮುಟ್ಟಿದ ಮೇಲೆ ಒಂದೇ ಸಮನಾಗಿ ಗಟ್ಟಿಯಾಗಿ ಒತ್ತಿದರೆ ಸಾಕು, ಕುಟ್ಟಬೇಕಿಲ್ಲ. ಚರೆ, ಮೇಲೊಂದು ಬಿಲ್ಲೆ, ಮತ್ತೆ ಜಡಿದು ಗಜದ ಗೆರೆ ನೋಡಿ. ಗಜವನ್ನು ಹೊರಗೆ ತೆಗೆದು ಕಣ್ಣಿಗೆ ಕಾಣುವಲ್ಲಿ ಇಡಿ. ಗಡಿಬಿಡಿಯಲ್ಲಿ ನಳಿಗೆಯೊಳಗೇ ಬಿಟ್ಟು ಹೊಡೆದ ಗಜ ಬಾಣದಂತೆ ಹೋಗುತ್ತದೆ. ಕೇಪು ಎಲ್ಲಕ್ಕಿಂತ ಕೊನೆಗೆ, ಹೊಡೆಯುವ ಜಾಗದಲ್ಲಿ ನಿಂತ ಮೇಲೆ. ಸಡಿಲ ಕೇಪನ್ನು ಹಿಂಡಿ ಕೂರಿಸುವ ಅಭ್ಯಾಸ ಒಳ್ಳೆಯದಲ್ಲ, ನಿಪ್ಪಲಿಗೆ ಸರಿಹೊಂದುವ ನಂಬರಿನದನ್ನೇ ತರಬೇಕು. ಬಿಗಿಯಾದದ್ದು ಮೊದಲ ಪೆಟ್ಟಿಗೆ ಕೆಳಗೆ ಇಳಿಯುತ್ತದೆ, ಎರಡನೆಯದಕ್ಕೆ ಸಿಡಿಯುತ್ತದೆ. ಕನ್ನಡಕ ಕಡ್ಡಾಯ, ಸಾದಾ ಕನ್ನಡಕವಾದರೂ ಸರಿ. ಸಿಡಿದ ಕೇಪಿನ ತಾಮ್ರದ ಚೂರು ಮೊದಲು ಹುಡುಕುವುದು ಕಣ್ಣನ್ನೇ.

ಜೋಡು ನಳಿಗೆಯ ಕೋವಿಗೆ ಎರಡು ಎಚ್ಚರಿಕೆ ಹೆಚ್ಚು. ಒಂದು ನಳಿಗೆ ಹೊಡೆದು ಮತ್ತೆ ತುಂಬುವಾಗ ಇನ್ನೊಂದರ ಕೇಪನ್ನು ತೆಗೆದುಬಿಡಬೇಕು. ಮತ್ತು ಒಂದರ ಹೊಡೆತದ ಒದೆತಕ್ಕೆ ಇನ್ನೊಂದರೊಳಗಿನ ಈಡು ಸಡಿಲಾಗಿ ಮುಂದೆ ಸರಿಯುತ್ತದೆ, ಆದ್ದರಿಂದ ಅದನ್ನೂ ಗಜದಿಂದ ಮತ್ತೊಮ್ಮೆ ಒತ್ತಬೇಕು.

ಕೇಪು ಸಿಡಿದು ಈಡು ಹಾರದಿದ್ದರೆ ಕೋವಿಯನ್ನು ಇಳಿಸಬೇಡಿ. ಹೊಡೆಯುವ ದಿಕ್ಕಿಗೇ ಹಿಡಿದು ಒಂದು ನಿಮಿಷ ಸುಮ್ಮನೆ ನಿಲ್ಲಿ. ತೇವದ ಮದ್ದು ಒಳಗೊಳಗೇ ಹೊಗೆಯಾಡುತ್ತ ತಡವಾಗಿ ಹಾರುವುದುಂಟು. ಆಮೇಲೆ ಹೊಸ ಕೇಪು. ಅದಕ್ಕೂ ಆಗದಿದ್ದರೆ ನಿಪ್ಪಲಿಗೆ ಸೂಜಿ ಹಾಕಿ ಮತ್ತೊಂದು. ಮೂರನೆಯದಕ್ಕೂ ಹಾರದಿದ್ದರೆ ನಿಪ್ಪಲ್ ಬಿಚ್ಚಿ, ಆ ತೂತಿನಲ್ಲಿ ಚಿಟಿಕೆಯಷ್ಟು ಮದ್ದು ಕೂರಿಸಿ, ನಿಪ್ಪಲ್ ತಿರುಗಿಸಿ, ಕೇಪು ಹಾಕಿ. ಸಾಮಾನ್ಯವಾಗಿ ಇಷ್ಟಕ್ಕೆ ಹಾರುತ್ತದೆ. ಹಾರದಿದ್ದರೆ ಮೊದಲು ಹೇಳಿದ ನೀರಿನ ದಾರಿ. ಮದ್ದೇ ಹಾಕದೆ ಚರೆ ಜಡಿದವರೂ ಇದ್ದಾರೆ, ಅದು ಎಲ್ಲರಿಗೂ ಒಮ್ಮೆ ಆಗುವಂಥದ್ದು. ಅಲ್ಲೂ ನಿಪ್ಪಲ್ ತೂತಿನ ಚಿಟಿಕೆ ಮದ್ದು ಕೆಲಸಕ್ಕೆ ಬರುತ್ತದೆ. ಚರೆ ನಾಲ್ಕು ಮಾರು ದೂರ ಉದುರಿದರೂ ಸರಿ, ನಳಿಗೆ ಖಾಲಿಯಾಗಬೇಕು. ಹೊಡೆದ ಮೇಲೆ ಗಜ ಇಳಿಸಿ, ಖಾಲಿ ಗೆರೆ ಬಾಯಿಗೆ ಬಂತೋ ಇಲ್ಲವೋ ನೋಡಿ. ಚರೆ ಅರ್ಧ ದಾರಿಯಲ್ಲಿ ಸಿಕ್ಕಿದ್ದರೆ ಅದರ ಮೇಲೆ ಹೊಸ ಈಡು ಬೀಳಬಾರದು. ಸದ್ದಿನ ಈಡಿಗೆ 40 ಗ್ರೇನ್ ಮದ್ದಿನ ಮೇಲೆ ರಟ್ಟು ಮತ್ತು ಒತ್ತು ಜಡಿದರೆ ಗುಡ್ಡ ಮಾರ್ದನಿಸುತ್ತದೆ. ಹುಸಿ ಈಡೆಂದು ಯಾರ ಕಡೆಗೂ ತಿರುಗಿಸಬೇಡಿ, ಹತ್ತಿರದಲ್ಲಿ ಆ ರಟ್ಟೇ ಮೈಗೆ ಹೊಗುತ್ತದೆ.

ಒತ್ತಿಗೆ ಕೆಲವರು ತೆಂಗಿನ ಕತ್ತ, ಹಳೆ ಪೇಪರು ತುರುಕುತ್ತಾರೆ. ಕತ್ತ ಕಿಡಿ ಹಿಡಿದು ಹೊರಗೆ ಹಾರುತ್ತದೆ, ಬಿದ್ದಲ್ಲಿ ಹೊಗೆಯಾಡುತ್ತದೆ. ಮಳೆಗಾಲದಲ್ಲಿ ತೊಂದರೆಯಿಲ್ಲ. ಫೆಬ್ರವರಿಯಿಂದ ಮೇವರೆಗೆ ಸೊಪ್ಪಿನ ಬೆಟ್ಟದ ತುಂಬ ದರಕು (ಉದುರಿದ ಒಣ ಎಲೆ) ಇರುವಾಗ ಒಂದು ಕಿಡಿ ಸಾಕು, ಬೆಂಕಿ ಬೆಟ್ಟ ಹತ್ತಿ ಅರಣ್ಯಕ್ಕೆ ದಾಟುತ್ತದೆ. ಆ ತಿಂಗಳುಗಳಲ್ಲಿ ಫೆಲ್ಟ್ ಅಥವಾ ರಟ್ಟು ಮಾತ್ರ. ಹೊಡೆದ ಮೇಲೆ ಮುಂದೆ ನಡೆದು ಒತ್ತು ಬಿದ್ದ ಜಾಗ ನೋಡಿ ಬರಬೇಕು. ಎರಡು ಈಡಿನ ನಡುವೆ ಸ್ವಲ್ಪ ಒದ್ದೆ ಬಟ್ಟೆ ಸುತ್ತಿದ ಗಜವನ್ನು ಒಮ್ಮೆ ತಳದವರೆಗೆ ಆಡಿಸಿ, ಆಮೇಲೆ ಒಣಬಟ್ಟೆ. ಕೆಂಡವಿದ್ದರೆ ನಂದುತ್ತದೆ, ಮಸಿಯೂ ಕಡಿಮೆಯಾಗುತ್ತದೆ.

ತೊಳೆಯುವುದನ್ನು ನಾಳೆಗೆ ಇಡುವಂತಿಲ್ಲ. ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಮಸಿಯಾಗಿ ಘನರೂಪದಲ್ಲೇ ಉಳಿಯುತ್ತದೆ, ಆ ಮಸಿ ಗಾಳಿಯ ತೇವ ಹೀರುತ್ತದೆ. ಹಳೆ ಬಗೆಯ ಕೇಪುಗಳಲ್ಲಿ ಕ್ಲೋರೇಟ್ ಇರುವುದರಿಂದ ಅವು ಸಿಡಿದಾಗ ಉಪ್ಪಿನಂಥದೇ ಪದಾರ್ಥ ಉಳಿಯುತ್ತದೆ. ಎಣ್ಣೆಗೆ ಈ ಉಪ್ಪು ಹೋಗುವುದಿಲ್ಲ, ಸೀಮೆಎಣ್ಣೆಗೂ ಹೋಗುವುದಿಲ್ಲ, ನೀರಿಗೆ ಮಾತ್ರ ಹೋಗುತ್ತದೆ. ಕುಮಟಾ, ಅಂಕೋಲಾ, ಕಾರವಾರದ ಕಡೆ ಉಪ್ಪುಗಾಳಿಯೂ ಸೇರಿ ಒಂದೇ ರಾತ್ರಿಯಲ್ಲಿ ನಳಿಗೆ ಕೆಂಪಗಾಗುತ್ತದೆ.

ಬಚ್ಚಲ ಹಂಡೆಯ ಕುದಿನೀರು ಒಂದು ಬಕೆಟ್ ಸಾಕು. ನಳಿಗೆಯನ್ನು ಮರದಿಂದ ಬಿಡಿಸಿ, ನಿಪ್ಪಲ್ ಬಿಚ್ಚಿ, ಹಿಂಭಾಗವನ್ನು ಬಕೆಟ್ಟಿನಲ್ಲಿ ಮುಳುಗಿಸಿ. ಗಜಕ್ಕೆ ಹಳೆ ಪಂಚೆಯ ತುಂಡು ಬಿಗಿಯಾಗಿ ಸುತ್ತಿ ಮೇಲೆ ಕೆಳಗೆ ಎಳೆದಾಗ ನಿಪ್ಪಲ್ ತೂತಿನಿಂದ ನೀರು ಒಳಗೆ ಹೀರಿ ಮತ್ತೆ ಕಪ್ಪಗೆ ಹೊರಗೆ ಚಿಮ್ಮುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಅದು ಗಂಧಕ. ನೀರು ತಿಳಿಯಾಗುವವರೆಗೆ ಬದಲಿಸಿ. ನಳಿಗೆ ಕೈಗೆ ಚುರುಗುಟ್ಟುವಷ್ಟು ಬಿಸಿಯಾಗಿರಬೇಕು, ಆಗ ಹೊರಗೆ ತೆಗೆದ ಕೂಡಲೇ ತಾನಾಗಿ ಒಣಗುತ್ತದೆ. ಒಣಬಟ್ಟೆ ಬೆಳ್ಳಗೆ ಹೊರಬಂದ ಮೇಲೆ ಬಿಸಿ ಇರುವಾಗಲೇ ಎಣ್ಣೆ. ವಾರದಲ್ಲಿ ಮತ್ತೆ ಹೊಡೆಯುವುದಿದ್ದರೆ ಕೊಬ್ಬರಿ ಎಣ್ಣೆ ನಡೆಯುತ್ತದೆ. ಮಳೆಗಾಲ ಪೂರ್ತಿ ಇಡುವುದಿದ್ದರೆ ಕೋವಿ ಎಣ್ಣೆಯೇ ಬೇಕು, ಕೊಬ್ಬರಿ ಎಣ್ಣೆ ತಿಂಗಳು ಕಳೆದರೆ ಅಂಟಾಗುತ್ತದೆ. ನಿಪ್ಪಲಿನ ತಿರುಪಿಗೆ ಒಂದು ಹನಿ ಎಣ್ಣೆ ಬಿಟ್ಟೇ ಕೂರಿಸಿ, ಇಲ್ಲವಾದರೆ ಮುಂದಿನ ಸಲ ಬಿಚ್ಚುವಾಗ ಮುರಿಯುತ್ತದೆ. ನಿಪ್ಪಲಿನ ತೂತು ಸುಟ್ಟು ದೊಡ್ಡದಾಗಿದ್ದರೆ ಹ್ಯಾಮರ್ ಹಿಂದಕ್ಕೆ ಜಿಗಿಯತೊಡಗುತ್ತದೆ, ಆಗ ಹೊಸದು ಹಾಕಿಸುವ ಸಮಯ.

ಎಣ್ಣೆ ಸವರಿದ ಕೋವಿಯನ್ನು ಮೊದಲ ದಿನ ಬಾಯಿ ಕೆಳಗಾಗಿ, ಬಟ್ಟೆಯ ಮೇಲೆ ನಿಲ್ಲಿಸಿ. ಎರಡು ದಿನ ಬಿಟ್ಟು ಬಿಳಿ ಬಟ್ಟೆ ಆಡಿಸಿ ನೋಡಿ, ಕಂದು ಬಣ್ಣ ಬಂದರೆ ತೊಳೆದದ್ದು ಸಾಲದು. ಚರ್ಮದ ಚೀಲ, ರೆಕ್ಸಿನ್ ಚೀಲದಲ್ಲಿ ಮಳೆಗಾಲ ಕಳೆಯಬಾರದು. ಒಳಗೆ ಬೂಷ್ಟು, ಕೆಳಗೆ ತುಕ್ಕು. ಹಿಂದೆ ಹೊಗೆಅಟ್ಟದ ಬಳಿ ಕೋವಿ ಇಡುತ್ತಿದ್ದುದು ಜಾಣತನವೇ, ಅಲ್ಲಿ ಸದಾ ಒಣಹವೆ. ಈಗ ಬೀಗದ ಕಪಾಟು ಬೇಕು, ಅದು ಸಿಮೆಂಟಿನ ಹೊರಗೋಡೆಗೆ ತಾಗಿರಬಾರದು. ಒಳಗೆ ಸಿಲಿಕಾ ಜೆಲ್ ಚೀಲ ಇಟ್ಟು ತಿಂಗಳಿಗೊಮ್ಮೆ ಬಿಸಿ ಮಾಡಿ ಮತ್ತೆ ಇಡಿ. ಕೇಪು ಮಕ್ಕಳ ಕೈಗೆ ಸಿಗದ ಬೇರೆ ಬೀಗದಲ್ಲಿ.

ಅಮೆರಿಕದ ವೀಡಿಯೊ ನೋಡಿ ಕೇಪಿನ ರಿವಾಲ್ವರ್ ಬಗ್ಗೆ ಕೇಳುವವರಿದ್ದಾರೆ. ಕೋಲ್ಟ್ ಕಂಪನಿಯ 1851ರ ನೇವಿ, 1860ರ ಆರ್ಮಿ ಮಾದರಿಗಳು ನಮ್ಮ ಕೋವಿಯ ಅದೇ ತತ್ವದವು: ಆರು ಕೋಣೆ, ಪ್ರತಿಯೊಂದಕ್ಕೂ ಒಂದು ನಿಪ್ಪಲ್. .44 ಕ್ಯಾಲಿಬರಿನದಕ್ಕೆ (ಇದು ಇಂಚಿನ ಲೆಕ್ಕ, 12 ಬೋರಿನ ಲೆಕ್ಕವಲ್ಲ) ಕೋಣೆಗೆ 25–30 ಗ್ರೇನ್ ಸಣ್ಣಕಾಳು ಮದ್ದು. ಸೀಸದ ಗುಂಡು ಕೋಣೆಗಿಂತ ಚೂರು ದೊಡ್ಡದಿರಬೇಕು, ಒತ್ತುವಾಗ ಅಂಚಿನಲ್ಲಿ ಸೀಸದ ತೆಳು ಬಳೆ ಕತ್ತರಿಸಿ ಬರಬೇಕು. ಬರದಿದ್ದರೆ ಗುಂಡು ಸಡಿಲ, ಒಂದು ಕೋಣೆಯ ಉರಿ ಪಕ್ಕದ ಕೋಣೆಗೂ ದಾಟಿ ಒಟ್ಟಿಗೇ ಹಾರುವ ಅಪಾಯವಿದೆ. ಅದಕ್ಕೇ ಗುಂಡಿನ ಮೇಲೆ ಗ್ರೀಸ್ ಅಥವಾ ಕೆಳಗೆ ಎಣ್ಣೆಯೊತ್ತು, ನಿಪ್ಪಲಿಗೆ ಬಿಗಿ ಕೇಪು. ಐದು ತುಂಬಿ ಆರನೆಯ ಖಾಲಿ ಕೋಣೆಯ ಮೇಲೆ ಹ್ಯಾಮರ್ ಇಳಿಸಿಡುವುದು ಹಳೆ ರೂಢಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಇವು ಪುರಾತನ ಮಾದರಿ ಎಂದು ಬಿಡುಗಡೆ ಪಡೆದಿವೆ. ನಮ್ಮಲ್ಲಿ ಹೊಡೆಯಲು ಬರುವ ಯಾವುದೇ ರಿವಾಲ್ವರಿಗೆ ಲೈಸನ್ಸ್ ಬೇಕು, ಬೆಳೆ ರಕ್ಷಣೆಯ ಲೈಸನ್ಸ್ ಅದಕ್ಕೆ ನಡೆಯದು.

ಚುನಾವಣೆ ಘೋಷಣೆಯಾದರೆ ಕೋವಿ ಠಾಣೆಗೆ ಜಮಾ ಮಾಡಲು ನೋಟಿಸು ಬರುತ್ತದೆ. ಮಂಗ ಚುನಾವಣೆ ನೋಡಿ ಬರುವುದಿಲ್ಲ ಎಂದು ಎಲ್ಲರೂ ಗೊಣಗುತ್ತಾರೆ, ಆದರೂ ಕೊಡಲೇಬೇಕು. ಹಿಂದಿನ ದಿನ ಬಿಸಿನೀರಲ್ಲಿ ತೊಳೆದು, ನಳಿಗೆಗೆ ಧಾರಾಳ ಗ್ರೀಸ್ ಸವರಿ, ಬಾಯಿಗೆ ಎಣ್ಣೆ ಬಟ್ಟೆಯ ತುಂಡು ಸಡಿಲವಾಗಿ ಇಟ್ಟು, ಅದು ಕಾಣುವಂತೆ ಹೊರಗೆ ಒಂದು ಕೆಂಪು ದಾರ ಕಟ್ಟಿ. ಗಜ ಕೋವಿಯ ಜೊತೆ ಕೊಟ್ಟರೆ ರಸೀತಿಯಲ್ಲಿ ಅದನ್ನೂ ಬರೆಸಿಕೊಳ್ಳಿ, ನಂಬರು ಲೈಸನ್ಸ್ ಪುಸ್ತಕದ ನಂಬರಿಗೆ ತಾಳೆಯಾಗುತ್ತದೆಯೇ ಅಲ್ಲೇ ನೋಡಿ.